ಕೋವಿ ಇಲ್ಲದ ಮನೆಯ ಖಾಲಿ ತೋಟಾ

ನಮ್ಮ ಮನೆಯಲ್ಲಿ ಕೋವಿ ಇಲ್ಲ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸ್ ಯಾರ ಹೆಸರಿಗೂ ಆಗಲಿಲ್ಲ, ಕೋವಿ ಸ್ಟೇಷನ್ನಿಗೆ ಹೋಯಿತು, ಮುಗಿಯಿತು. ಅದರ ಖಾಲಿ ತೋಟಾಗಳು, ಅಂದರೆ ಈಡು ಹೊಡೆದ ಮೇಲೆ ಉಳಿಯುವ ಕಾರ್ಟ್ರಿಜ್ ಕೊಳವೆಗಳು, ಮಾತ್ರ ಒಂದು ಡಾಲ್ಡಾ ಡಬ್ಬದ ತುಂಬ ಅಟ್ಟದಲ್ಲಿ ಕೂತಿವೆ. ದೀಪಾವಳಿಗೆ ಅಂತ ಅಟ್ಟ ಗುಡಿಸಲು ಹತ್ತಿದರೆ ಮೊದಲು ಕಾಲಿಗೆ ಸಿಗುವುದೇ ಅದು. ಮೊನ್ನೆಯೂ ಸಿಕ್ಕಿತು. ಕಿರುಬೆರಳಿನ ಉಗುರು ಇನ್ನೂ ನೀಲಿಯಾಗಿದೆ, ಹಾಗಾಗಿ ಬರೆಯುವಾಗ ಸಿಟ್ಟು ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಈಗಿನ ತೋಟಾ ಪ್ಲಾಸ್ಟಿಕ್ಕಿನದು, ಬುಡಕ್ಕಷ್ಟೇ ಲೋಹ. ಅಜ್ಜನ ಕಾಲದ್ದು ಪೂರ್ತಿ ಹಿತ್ತಾಳೆ. ಈಡು ಹೊಡೆದ ಮೇಲೆ ಬುಡದ ಹಳೇ ಕೇಪು (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ) ತೆಗೆದು, ಹೊಸ ಕೇಪು, ಮದ್ದು, ಚರೆ ಅಂದರೆ ಸೀಸದ ಗುಂಡುಕಾಳು ತುಂಬಿಸಿ ಮತ್ತೆ ಹೊಡೆಯುತ್ತಿದ್ದರು. ಎಷ್ಟೋ ಸಲ ಹಾಗಾದ ಮೇಲೆ ಹಿತ್ತಾಳೆ ಗಡುಸಾಗಿ ಬಾಯಿ ಸೀಳುತ್ತದೆ. ಆಮೇಲೆ ಅದು ಯಾರಿಗೂ ಬೇಡ, ನಮ್ಮ ಚಿಕ್ಕಪ್ಪನಿಗೆ ಬಿಟ್ಟು.

ಡಬ್ಬ ಕೆಳಗೆ ಬಂತು ಅಂದರೆ ಚಿಕ್ಕಪ್ಪನಿಗೆ ಹಬ್ಬ. ಜಗಲಿಯಲ್ಲಿ ಗೋಣಿ ಹಾಸುತ್ತಾರೆ. ಒಂದೊಂದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಾರೆ, ಉಗುರಲ್ಲಿ ಬಾಯಿ ಸವರುತ್ತಾರೆ, ತಟ್ಟಿ ಕಿವಿಗೆ ಹಿಡಿಯುತ್ತಾರೆ. ಆಮೇಲೆ ಮೂರು ರಾಶಿ: ಒಳ್ಳೇದು, ಪರವಾಗಿಲ್ಲ, ಸೀಳಿದ್ದು. ಇದೆಲ್ಲ ಮುಗಿಯುವಷ್ಟರಲ್ಲಿ ಎರಡು ಸಲ ಕಾಫಿ ಆಗಿರುತ್ತದೆ, ಅಟ್ಟ ಅರ್ಧ ಗುಡಿಸಿದ್ದು ಹಾಗೇ ಇರುತ್ತದೆ. ಕೊನೆಗೆ ಮೂರೂ ರಾಶಿಯನ್ನು ಒಟ್ಟಿಗೆ ಬಳಿದು ಅದೇ ಡಬ್ಬಕ್ಕೆ ಸುರಿಯುತ್ತಾರೆ!

"ಚಿಕ್ಕಪ್ಪ, ಕೋವಿಯೇ ಇಲ್ವಲ್ಲ?"

"ಕೋವಿ ಬಂದ್ಮೇಲೆ ತೋಟಾ ಹುಡುಕ್ತಾ ಕೂರಕ್ಕಾಗ್ತದಾ ಮಾರಾಯ?"

"ಸೀಳಿದ್ದು ಎಂತಕ್ಕೆ?"

"ಅದೂ ಇರ್ಲಿ. ಒಳ್ಳೇದು ಯಾವ್ದು ಅಂತ ಗೊತ್ತಾಗ್ಬೇಕಲ್ಲ."

ಈ ಸಲ ನಾನೇ ಗುಜರಿಯವನನ್ನು ಕರೆದೆ. ಹಿತ್ತಾಳೆ ಅಂದ ಕೂಡಲೇ ಓಡಿ ಬಂದ. ನೂರಕ್ಕೆ 70 ಪಾಲು ತಾಮ್ರ ಇರುವ ಹಿತ್ತಾಳೆ ಅಂತ ನಾನೂ ಸ್ವಲ್ಪ ಜೋರಾಗಿಯೇ ಹೇಳಿದೆ. ತಕ್ಕಡಿಗೆ ಹಾಕುವ ಮುಂಚೆ ಒಂದನ್ನು ತಿರುಗಿಸಿ ನೋಡಿದವನು ಮೆಲ್ಲಗೆ ಡಬ್ಬದೊಳಗೆ ಇಟ್ಟ. "ಸ್ವಾಮಿ, ಇದು ಅಂಗಡಿಗೆ ಹೋಗೋ ಹಿತ್ತಾಳೆ ಅಲ್ಲ, ಕೋರ್ಟಿಗೆ ಹೋಗೋ ಹಿತ್ತಾಳೆ" ಅಂದ. ಹಳೇ ಪೇಪರೂ ತೆಗೆದುಕೊಳ್ಳದೆ ಗಾಡಿ ಹತ್ತಿದ. ಪೇಪರ್ ಏನು ಮಾಡಿತ್ತು ಹೇಳಿ.

ಎರಕದವರ ಹತ್ತಿರ ಕೇಳಿದೆ, ಕರಗಿಸಿ ದೇವರ ಮನೆಗೆ ಒಂದು ಗಂಟೆ ಮಾಡಿಕೊಡಿ ಅಂತ. ಗಂಟೆಗೆ ಕಂಚು ಬೇಕು, ಇದರಲ್ಲಿ ನಾದ ಬರಲ್ಲ ಅಂದರು. ಮೇಲಿಂದ, ಹೊಡೆಯದ ಕೇಪು ಒಂದಾದರೂ ಒಳಗಿದ್ದರೆ ಕುಲುಮೆಯಲ್ಲಿ ಸಿಡಿಯುತ್ತದೆ, ಎಲ್ಲದರ ಬುಡದಲ್ಲೂ ಕೋವಿಯ ಸೂಜಿ ಬಡಿದ ಗುಣಿ ಇದೆಯಾ ನೋಡಿಕೊಂಡು ಬನ್ನಿ ಅಂದರು. ಚಿಕ್ಕಪ್ಪನಿಗೆ ಇಷ್ಟು ಸಾಕಾಯಿತು. ಮತ್ತೆ ಗೋಣಿ, ಮತ್ತೆ ಒಂದು ಕಣ್ಣು. ಈಗ ನಾಲ್ಕು ರಾಶಿ.

ನಾನೂ ಸುಮ್ನೆ ಒಂದನ್ನು ಮೂಸಿ ನೋಡಿದೆ. ಹುಣಸೆಹಣ್ಣಿನ ವಾಸನೆ ಬಿಟ್ಟರೆ ಏನೂ ಇಲ್ಲ. ಅಜ್ಜ ಗದ್ದೆ ಮಾಳದಲ್ಲಿ ರಾತ್ರಿ ಕಾಯುವಾಗ ಹಂದಿ ಬಂತು ಅಂತ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು. ಹಂದಿ ಓಡುತ್ತಿತ್ತೋ ಇಲ್ಲವೋ, ನಾವು ಮಕ್ಕಳು ಬಿಸಿ ತೋಟಾಕ್ಕೆ ಕಿತ್ತಾಡುತ್ತಿದ್ದೆವು. ಆಗ ಅದರಲ್ಲಿ ಮದ್ದಿನ ಘಾಟು ಬೆಳಗಿನ ತನಕ ಇರುತ್ತಿತ್ತು. ಈಗ ಹಂದಿ ಅಂಗಳದ ಕೆಸುವಿನ ತನಕ ಬರುತ್ತದೆ, ಕೇಳುವವರಿಲ್ಲ.

ನಾವು ಊರೆಲ್ಲ ವಿಚಾರಿಸಿದ್ದು ಹೇಗೋ ಸುದ್ದಿಯಾಗಿದೆ. ನಿನ್ನೆ ಸಂಜೆ ಪಕ್ಕದೂರಿನ ಒಬ್ಬರು ಬೈಕಿನಲ್ಲಿ ಬಂದರು. ಹಿಂದುಗಡೆ ಕಟ್ಟಿದ್ದು ಹಾರ್ಲಿಕ್ಸ್ ಬಾಟಲಿ, ತುಂಬ ಖಾಲಿ ತೋಟಾ. "ನಿಮ್ಮಲ್ಲಿ ತಗೋತಾರಂತಲ್ಲ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಗೋಣಿ ಹಾಸಿ ಆಗಿತ್ತು.