ಹಸು ಎಲ್ಲಿ?

ಭಾನುವಾರ ಮಧ್ಯಾಹ್ನ ಮೊರದ ತುಂಬ ಅವರೆಕಾಯಿ ಹರವಿಕೊಂಡು ಬಿಡಿಸುತ್ತಾ ಕುಳಿತಿದ್ದೆ. ಟಿವಿಯಲ್ಲಿ 2013ರ ಇಂಗ್ಲಿಷ್ ಸಿನಿಮಾ ‘ಜ್ಯಾಕ್ ದಿ ಜೈಂಟ್ ಸ್ಲೇಯರ್’. ‘ಜ್ಯಾಕ್ ಅಂಡ್ ದ ಬೀನ್‌ಸ್ಟಾಕ್’ ಎಂಬ ಹಳೆಯ ಇಂಗ್ಲಿಷ್ ಕತೆಯೇ ಅದಕ್ಕೆ ಮೂಲ: ಬಡ ಹುಡುಗ ಜ್ಯಾಕ್ ಹಾಲು ಬತ್ತಿದ ಹಸುವನ್ನು ಮಾರಲು ಹೋಗಿ, ಬದಲಿಗೆ ಮಾಯದ ಕಾಳು ತಂದು ಅಮ್ಮನಿಂದ ಬೈಸಿಕೊಳ್ಳುತ್ತಾನೆ; ಆ ಕಾಳಿನ ಬಳ್ಳಿ ಮುಗಿಲು ಮುಟ್ಟುತ್ತದೆ, ಅದನ್ನೇರಿ ಹೋಗಿ ದೈತ್ಯನ ಸೊತ್ತು ಕದ್ದು ತರುತ್ತಾನೆ. ಕಾಳಿನ ಕತೆಯನ್ನು ಕಾಳು ಬಿಡಿಸುತ್ತಲೇ ನೋಡುವ ಯೋಗ ಎಷ್ಟು ಜನಕ್ಕಿದೆ ಎಂದು ಹಿಗ್ಗಿದ್ದೇ ಬಂತು. ಹುಡುಗ ಮಾರಲು ಹೊರಟದ್ದು ಕುದುರೆಯನ್ನು!

ಹಸು ಎಲ್ಲಿ? ಹಸು ಹಾಲು ನಿಲ್ಲಿಸಿದ್ದರಿಂದಲ್ಲವೇ ಮನೆಗೆ ಹಸಿವು ಬಂದದ್ದು? ಕುದುರೆ ಏನು ನಿಲ್ಲಿಸಿತು? ಅಮ್ಮನೂ ನಾಪತ್ತೆ. ಬೈಯುವ ಕೆಲಸವನ್ನು ಅಂಕಲ್ ಒಬ್ಬನಿಗೆ ವಹಿಸಿದ್ದಾರೆ. ಆತ ಚಿಕ್ಕಪ್ಪನೋ ಸೋದರಮಾವನೋ, ಇಂಗ್ಲಿಷಿನವರನ್ನು ಕೇಳಿ ಪ್ರಯೋಜನವಿಲ್ಲ.

ಈ ಕತೆಗೆ ಕೈಹಚ್ಚಿದವರಲ್ಲಿ ಇವರೇ ಮೊದಲಿಗರಲ್ಲ, ಒಪ್ಪುತ್ತೇನೆ. 1807ರಲ್ಲಿ ಲಂಡನ್ನಿನ ಪ್ರಕಾಶಕ ಬೆಂಜಮಿನ್ ಟಾಬರ್ಟ್ ಇದನ್ನು ಅಚ್ಚು ಹಾಕಿಸಿದಾಗ, ಹುಡುಗ ಮಾಡಿದ್ದು ಕಳ್ಳತನವೆನಿಸಬಾರದೆಂದು ಯಕ್ಷಿಯೊಬ್ಬಳನ್ನು ಕರೆತಂದು, ದೈತ್ಯನೇ ಇವನ ಅಪ್ಪನನ್ನು ಕೊಂದು ಸುಲಿದವನೆಂದು ಸಾಕ್ಷಿ ಹೇಳಿಸಿದ. 1890ರಲ್ಲಿ ಜನಪದ ಕತೆಗಳ ಸಂಗ್ರಾಹಕ ಜೋಸೆಫ್ ಜೇಕಬ್ಸ್ ಆ ಯಕ್ಷಿಯನ್ನು ಹೊರಗಟ್ಟಿ, ಆಸ್ಟ್ರೇಲಿಯಾದಲ್ಲಿ ಬಾಲ್ಯದಲ್ಲಿ ತಾನು ಕೇಳಿದಂತೆಯೇ ಕತೆ ಹೇಳಿದ. ಇಬ್ಬರೂ ಹಸುವಿನ ತಂಟೆಗೆ ಮಾತ್ರ ಹೋಗಿರಲಿಲ್ಲ.

ಹಸು ಮಾರಿ ಬರುವುದೆಂದರೇನೆಂದು ನನಗೆ ಗೊತ್ತು. ಗಬ್ಬ ನಿಲ್ಲದ ಗೌರಿಯನ್ನು ಹೊಡೆದುಕೊಂಡು ನಮ್ಮ ದೊಡ್ಡಪ್ಪ ದನದ ಸಂತೆಗೆ ಹೋಗಿದ್ದರು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಟವಲಿನ ಮರೆಯಲ್ಲಿ ಕೈ ಹಿಡಿದು ಬೆರಳು ಅದುಮುತ್ತಾನೆ. ದೊಡ್ಡಪ್ಪನಿಗೋ ಅಂಗೈ ಮುಟ್ಟಿದರೆ ಕಚಗುಳಿ. ಮೊದಲ ಬೆರಳಿಗೇ ಕಿಲಕಿಲ ನಕ್ಕುಬಿಟ್ಟರು. ನಗುವನ್ನು ಒಪ್ಪಿಗೆಯೆಂದು ತಿಳಿದು ಆತ ವ್ಯಾಪಾರ ಮುಗಿಸಿಯೇಬಿಟ್ಟ. ಕೈಗೆ ಬಂದ ದುಡ್ಡನ್ನು ಎರಡು ಸಲ ಎಣಿಸಿದ ದೊಡ್ಡಪ್ಪ, ಇಷ್ಟನ್ನು ಒಯ್ದರೆ ಬೈಗುಳ ತಪ್ಪದು, ಬೈಸಿಕೊಳ್ಳುವುದೇ ಆದರೆ ಒಂದು ಟ್ರಾನ್ಸಿಸ್ಟರನ್ನಾದರೂ ಕೊಂಡು ಬೈಸಿಕೊಳ್ಳೋಣ ಎಂದು ತೀರ್ಮಾನಿಸಿದರಂತೆ.

ದೊಡ್ಡಮ್ಮ ಬೈಯಲಿಲ್ಲ. ಜಗಲಿಯಲ್ಲಿ ಹಾಡುತ್ತಿದ್ದ ಪೆಟ್ಟಿಗೆಯನ್ನು ಒಂದು ಸುತ್ತು ಬಂದು ನೋಡಿ, “ಹೊತ್ತಿಗೆ ಎಷ್ಟು ಸೇರು ಕೊಡುತ್ತದಂತೆ?” ಎಂದು ಕೇಳಿದರು. ಅಂದಿನಿಂದ ರೇಡಿಯೊದ ಹೆಸರೇ ಗೌರಿ. “ಗೌರಿಯನ್ನು ಸ್ವಲ್ಪ ಮೆಲ್ಲಗೆ ಇಡಿ, ಮಗು ಮಲಗಿದೆ” ಎನ್ನುತ್ತಿದ್ದರು. ದೊಡ್ಡಪ್ಪ ತಲೆಯೆತ್ತದೆ ಗುಂಡಿ ತಿರುಗಿಸುತ್ತಿದ್ದರು.

ಇಂಥ ಒಂದು ಗಳಿಗೆಗೆ ಖರ್ಚೆಷ್ಟು ಬೀಳುತ್ತದೆ? ಒಬ್ಬ ಅಮ್ಮ, ಒಂದು ಖಾಲಿ ಕೊಟ್ಟಿಗೆ. ಆ ಪಟಕ್ಕೆ ಸುರಿದದ್ದು 18 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಕಂಪ್ಯೂಟರಿನಿಂದ ದೈತ್ಯರ ದಂಡನ್ನೇ ಎಬ್ಬಿಸಿದರು. ದಂಡಿನ ಸೇನಾಪತಿಗೆ ಎರಡು ತಲೆ, ಅದರಲ್ಲೊಂದಕ್ಕೆ ನೆಟ್ಟಗೆ ಮಾತೂ ಬಾರದು. ದುಡ್ಡು ಹೆಚ್ಚಾದಾಗ ಕತೆಗಳಿಗೆ ಏನಾಗುತ್ತದೆ ಎಂಬುದರ ಬಗ್ಗೆ ನನ್ನಲ್ಲೊಂದು ಗಟ್ಟಿಯಾದ ಸಿದ್ಧಾಂತವಿತ್ತು. ಅದನ್ನು ಹೇಳುವುದಕ್ಕೆಂದೇ ಈ ಬರಹ ಶುರುಮಾಡಿದ್ದು.

ಆದರೆ ಅಷ್ಟರಲ್ಲಿ ನನ್ನ ಹೆಂಡತಿ ಬಂದು ಮೊರ ನೋಡಿದಳು. ಪಾತ್ರೆಯಲ್ಲಿ ಸಿಪ್ಪೆಯಿತ್ತು, ಕಸದ ಬುಟ್ಟಿಯಲ್ಲಿ ಕಾಳಿತ್ತು. ಸಿನಿಮಾದವರು ಕೈಬಿಟ್ಟಿದ್ದ ದೃಶ್ಯ ನಮ್ಮ ಮನೆಯಲ್ಲಿ, ಒಂದು ಮಾತೂ ಕತ್ತರಿಸದೆ, ಪೂರ್ತಿ ನಡೆಯಿತು.