ನೆನೆಹಾಕಿದ್ಯಾ?

ಭಾನುವಾರ ಮಧ್ಯಾಹ್ನ ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ಅಮ್ಮನ ಫೋನು ಬರುತ್ತದೆ. ಆರೋಗ್ಯ, ಮಳೆ, ನೆಂಟರ ಮದುವೆ ಎಲ್ಲ ಆಮೇಲೆ. ಮೊದಲ ಪ್ರಶ್ನೆ, "ಉದ್ದು ನೆನೆಹಾಕಿದ್ಯಾ?"

"ಹೂಂ" ಅನ್ನುತ್ತಲೇ ಎದ್ದು ಅಡುಗೆಮನೆಗೆ ನಡೆಯುತ್ತೇನೆ. ಡಬ್ಬಿಯ ಮುಚ್ಚಳ ತೆಗೆದ ಸದ್ದು ಆ ಕಡೆಗೂ ಕೇಳಿಸಿಬಿಡುತ್ತದೆ. "ಈಗ ಹಾಕ್ತಿದ್ದೀಯ ಅಲ್ವಾ" ಎಂದು ಅಮ್ಮ ನಗುತ್ತಾಳೆ.

ಸೋಮವಾರ ಏಳೂಕಾಲಿಗೆ ಮಗನ ಶಾಲೆಯ ವ್ಯಾನು. ಅಷ್ಟರೊಳಗೆ ತಿಂಡಿ ಆಗಬೇಕೆಂದರೆ ಅದು ಭಾನುವಾರ ಮೂರಕ್ಕೇ ಶುರುವಾಗಿರಬೇಕು. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ. ರಾತ್ರಿ ರುಬ್ಬಿ, ಉಪ್ಪು ಹಾಕಿ ಕೈಯಲ್ಲೇ ಕಲಸಿಟ್ಟರೆ ಮುಂದಿನದು ಅದರ ಪಾಡು. ಉದ್ದಿನ ಜೊತೆಗೇ ಬಂದ ಬ್ಯಾಕ್ಟೀರಿಯಾಗಳು ರಾತ್ರಿಪಾಳಿ ಮಾಡುತ್ತವೆ. ಅವು ಬಿಡುವ ಗಾಳಿಯನ್ನು ಉದ್ದಿನ ಲೋಳೆ ಹಿಡಿದಿಟ್ಟುಕೊಂಡು ಹಿಟ್ಟು ಉಬ್ಬುತ್ತದೆ. ನಮ್ಮ ಮನೆಯಲ್ಲಿ ಸಂಬಳವಿಲ್ಲದೆ ದುಡಿಯುವವರಲ್ಲಿ ನಾನು ಎರಡನೆಯವಳು.

ಏಪ್ರಿಲ್‌ನಲ್ಲಿ ಈ ಕೆಲಸಗಾರರಿಗೆ ಹುರುಪು ಜಾಸ್ತಿ. ಒಮ್ಮೆ ಬೆಳಿಗ್ಗೆ ನೋಡಿದರೆ ಮುಚ್ಚಳ ಓರೆಯಾಗಿ, ಹಿಟ್ಟು ಕಟ್ಟೆಯಿಂದಿಳಿದು ಗ್ಯಾಸಿನ ಪೈಪು ಹಿಡಿದು ಕೆಳಕ್ಕೆ ಹೊರಟಿತ್ತು. ಡಿಸೆಂಬರಿನ ಬೆಂಗಳೂರಿನಲ್ಲಿ ಇದೇ ಹಿಟ್ಟು ಇಟ್ಟ ಹಾಗೇ ಮುಖ ಗಂಟಿಕ್ಕಿಕೊಂಡು ಕೂತಿರುತ್ತದೆ. ಆಗ ಹಳೆಯ ಉಲ್ಲನ್ ಶಾಲು ಹೊದಿಸುತ್ತೇನೆ. ಕೆನಡಾದಲ್ಲಿರುವ ತಂಗಿ ಓವನ್ನಿನೊಳಗೆ ದೀಪ ಹಾಕಿ ಅದರ ಬಿಸಿಯಲ್ಲಿ ಮಲಗಿಸುತ್ತಾಳಂತೆ. ಬಾಣಂತನಕ್ಕೂ ಇಷ್ಟು ಆರೈಕೆ ನಡೆದಿರಲಿಲ್ಲ.

ಒಮ್ಮೆ ಉಬ್ಬಿತೆಂದರೆ ಮೂರು ದಿನ ನಿಶ್ಚಿಂತೆ. ಮೊದಲ ದಿನ ಇಡ್ಲಿ. ಎರಡನೇ ದಿನ ಫ್ರಿಜ್ಜಿನಿಂದ ತೆಗೆದು ನೀರು ಬೆರೆಸಿದರೆ ದೋಸೆ. ಮೂರನೇ ದಿನ ಹುಳಿ ಏರಿರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿಹಾಕಿ ಪಡ್ಡು ಮಾಡಿದರೆ ಹುಳಿಯೇ ರುಚಿ ಅನ್ನಿಸಿಕೊಳ್ಳುತ್ತದೆ. ನಾಲ್ಕನೇ ದಿನದ ಮಾತು ಬೇಡ.

ಗುರುವಾರಕ್ಕೆ ಪುಳಿಯೋಗರೆ ಗೊಜ್ಜಿದೆ. ಹುಣಸೆರಸ ಬತ್ತಿ ಎಣ್ಣೆ ಮೇಲೆ ತೇಲುವವರೆಗೆ ಕುದಿಸಿದ್ದರೆ ವಾರಗಟ್ಟಲೆ ಕೆಡದು. ಶುಕ್ರವಾರಕ್ಕೆ ಮೊದಲೇ ಹುರಿದಿಟ್ಟ ರವೆ. ಉಪ್ಪಿಟ್ಟು ಎಂದ ತಕ್ಷಣ ಮನೆಯವರ ಮುಖ ಇಳಿಯುತ್ತದೆ, ಇಳಿಯಲಿ. ರಾತ್ರಿಯ ಅನ್ನ ಉಳಿದರೆ ಚಿತ್ರಾನ್ನ. ಅದನ್ನು 'ತಂಗಳು' ಎಂದು ಮೂಗು ಮುರಿಯುತ್ತಿದ್ದ ನಮ್ಮತ್ತೆ, ಫ್ರಿಜ್ಜಿನಲ್ಲಿಟ್ಟು ತೆಗೆದರೆ ತುಟಿ ಪಿಟಕ್ಕೆನ್ನುವುದಿಲ್ಲ. ಮಡಿಗೂ ಒಂದು ಕಂಪ್ರೆಸರ್ ಬೇಕಿತ್ತು.

ಅಮ್ಮನ ಫೋನು ಬಾರದ ಭಾನುವಾರಗಳೂ ಇವೆ. ರಾತ್ರಿ ಹನ್ನೊಂದಕ್ಕೆ ಚಾದರ ಎಳೆದುಕೊಳ್ಳುವಾಗ ಉದ್ದು ನೆನಪಾಗುತ್ತದೆ. ಅಂಥವರ ಪುಣ್ಯಕ್ಕೆ ರವೆ ಇಡ್ಲಿ ಇದೆ: ಮೊಸರು, ಚಿಟಿಕೆ ಸೋಡಾ, ಸಾಸಿವೆ ಒಗ್ಗರಣೆ, ಹುದುಗುವ ರಗಳೆಯಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಬೆಂಗಳೂರಿನ ಎಂ.ಟಿ.ಆರ್.ನವರು ಹೇಳುತ್ತಾರೆ. ಅವರಿಗೆ ಅಕ್ಕಿ ಇರಲಿಲ್ಲ. ನನಗೆ ಅಕ್ಕಿ ಇದೆ, ನೆನಪಿಲ್ಲ.

ಚಟ್ನಿಯೊಂದು ಮಾತ್ರ ಯಾರ ಮಾತೂ ಕೇಳುವುದಿಲ್ಲ. ರಾತ್ರಿಯೇ ರುಬ್ಬಿಟ್ಟು ನೋಡಿದ್ದೇನೆ. ಬೆಳಿಗ್ಗೆ ಒಗ್ಗರಣೆ ಹಾಕಿದರೂ ಆ ಮಂಕು ಹೋಗುವುದಿಲ್ಲ. ಕಾಯಿ ತುರಿದು ಫ್ರೀಜರಿನಲ್ಲಿಟ್ಟರೆ ಕಲ್ಲಾಗಿ, ಮಿಕ್ಸಿ ಕೆಮ್ಮುತ್ತದೆ. ಹೀಗಾಗಿ ಹದಿನಾರು ಗಂಟೆ ಮೊದಲೇ ಶುರುವಿಟ್ಟುಕೊಂಡ ತಿಂಡಿಯಾದರೂ, ಕೆಳಗೆ ವ್ಯಾನು ಹಾರ್ನ್ ಹೊಡೆಯುವಾಗ ನಾನು ಆಗಷ್ಟೇ ಒಡೆದ ತೆಂಗಿನಕಾಯಿ ಹೋಳನ್ನು ಮೂಗಿನ ಹತ್ತಿರ ಹಿಡಿದು, ಕೊಳೆತಿದೆಯೋ ಇಲ್ಲವೋ ಎಂದು ಮೂಸುತ್ತಿರುತ್ತೇನೆ.