ಕಟ್ಟಡ ಇದೆ, ಬೀಗದ ಕೈ ಯಾರ ಹತ್ರ?
ಸಣ್ಣ ಪಟ್ಟಣವೊಂದು ತನ್ನ ಹದಿಹರೆಯದವರಿಗಾಗಿ ಯುವಕೇಂದ್ರ ಮಾಡಿಕೊಂಡಿದ್ದನ್ನ ಓದಿ ಖುಷಿಯಾಯ್ತು. ನಮ್ಮ ಮಲೆನಾಡಿಗೆ ಇದು ಇನ್ನೂ ಹೆಚ್ಚು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಮೈದಾನವೆಲ್ಲ ಕೆಸರುಗದ್ದೆ. ಕಾಲೇಜು ಬಿಟ್ಟ ಮೇಲೆ ಹಳ್ಳಿ ಬಸ್ಸು ಬರೋತನಕ ಹುಡುಗರು ಬೇಕರಿ ಮುಂದೆ ಮೊಬೈಲ್ ಒತ್ತುತ್ತ ನಿಂತಿರ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ನಿಂತರೆ ಸಾಕು, ಅವರಿಗಿಂತ ಮೊದಲೇ ಮನೆಗೆ ಸುದ್ದಿ ತಲುಪಿರುತ್ತೆ!

'ದುಡ್ಡೆಲ್ಲಿದೆ' ಅನ್ನೋರು ಹೆಗ್ಗೋಡು ನೋಡಲಿ. ಸಾಗರ ತಾಲೂಕಿನ ಆ ಅಡಿಕೆ ತೋಟದ ಹಳ್ಳಿಯಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆ ಶುರುವಾಗಿದ್ದು 1949ರಲ್ಲಿ. 1980ರಲ್ಲಿ ರಂಗಶಿಕ್ಷಣ ಕೇಂದ್ರವೂ ಬಂತು, 1991ರಲ್ಲಿ ಅದನ್ನ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಎಲ್ಲ ಊರಿಗೂ ಸುಬ್ಬಣ್ಣ ಸಿಗಲ್ಲ, ನಿಜ. ಆದರೆ ಎರಡು ಕೇರಂ ಬೋರ್ಡ್, ನಾಲ್ಕು ಬೆಂಚು, ನೀರು ಬರೋ ಶೌಚಾಲಯ ಇರೋ ಒಂದು ಹಾಲ್‌ಗೆ ಸುಬ್ಬಣ್ಣನವರೇ ಬೇಕಾ?

ಸಮುದಾಯ ಭವನಗಳು ನಮ್ಮಲ್ಲೂ ಇವೆ. ಮದುವೆ, ಪಕ್ಷದ ಸಭೆ ಬಿಟ್ಟರೆ ಬೀಗ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಸಿ ಫೋಟೊ ತೆಗೆಸಿಕೊಳ್ಳೋ ಬದಲು ಆ ಬೀಗದ ಕೈ ಬಗ್ಗೆ ಮಾತಾಡಲಿ. ಸಂಜೆ ನಾಲ್ಕರಿಂದ ತೆರೆದಿಡೋರಿಗೆ ಗೌರವಧನ ಕೊಡಿ. ಮುಚ್ಚೋ ಹೊತ್ತನ್ನ ಮಾತ್ರ ಕೊನೇ ಬಸ್ಸಿನ ಟೈಮ್ ನೋಡ್ಕೊಂಡು ಇಡಿ.